ಪಾರ್ಕಿನ ಬೀಗದ ಕೈ ಯಾರ ಹತ್ರ ಇರ್ಬೇಕು?

ನಮ್ಮ ಲೇಔಟಿನ ಪಾರ್ಕ್ ಗೇಟಿನ ಹೊರಗಡೆ ಚರಂಡಿ ಮುಚ್ಚಿರೋ ಒಂದು ಚಪ್ಪಡಿ ಇದೆ, ಹಿಂದೆ ಬೆಳಿಗ್ಗೆ ಹನ್ನೊಂದು ಹನ್ನೊಂದೂವರೆ ಹೊತ್ತಿಗೆ ಅದರ ಮೇಲೆ ಮೂರ್ನಾಲ್ಕು ಜನ ಹೆಂಗಸರು ಕೂತಿರ್ತಿದ್ರು, ಮನೆಕೆಲಸಕ್ಕೆ ಬರೋರು, ಎರಡು ಮನೆ ಪಾತ್ರೆ ಮುಗಿಸಿ ಮೂರನೇ ಮನೆಗೆ ಹೋಗೋಕ್ ಮುಂಚೆ ಸಿಗೋ ಅರ್ಧ ಗಂಟೇಲಿ ಡಬ್ಬಿ ಬಿಚ್ಚಿ ಚಿತ್ರಾನ್ನನೋ ಉಪ್ಪಿಟ್ಟೋ ತಿನ್ನೋರು. ಅವರ ಬೆನ್ನ ಹಿಂದೆ ಗ್ರಿಲ್ಲು, ಗ್ರಿಲ್ಲಿನ ಆಚೆ ಹೊಂಗೆ ಮರದ ನೆರಳು, ನೆರಳಲ್ಲಿ ನಾಲ್ಕು ಖಾಲಿ ಕಲ್ಲುಬೆಂಚು. ಗೇಟಿಗೆ ಬೀಗ. ಬೋರ್ಡಲ್ಲಿ ಬೆಳಿಗ್ಗೆ 5ರಿಂದ 10, ಮತ್ತೆ ಮಧ್ಯಾಹ್ನ 1.30ರಿಂದ ರಾತ್ರಿ 8 ಅಂತ ಬರ್ದಿತ್ತು, ಬೆಂಗಳೂರಿನ ಹೆಚ್ಚಿನ ಪಾರ್ಕುಗಳಲ್ಲಿ ವರ್ಷಗಟ್ಟಲೆ ಇದೇ ಟೈಮು. ಬೀಗದ ಕೈ ಮಾತ್ರ ನಮ್ಮ ಕ್ಷೇಮಾಭಿವೃದ್ಧಿ ಸಂಘದ ಪದಾಧಿಕಾರಿ ಒಬ್ಬರ ಮನೇಲಿ, ಬಾಗಿಲ ಪಕ್ಕದ ಮೊಳೆಗೆ ನೇತಾಡ್ತಿತ್ತು. ನಾನೂ ಆ ಸಂಘದ ಸದಸ್ಯೆ, ಎಷ್ಟೋ ವರ್ಷ ಆ ಚಪ್ಪಡಿ ಮುಂದೇನೇ ಓಡಾಡಿದ್ದೀನಿ, ಅವರು ಯಾಕೆ ಹೊರಗೆ ಕೂತಿದ್ದಾರೆ ಅಂತ ಒಂದಿನವೂ ಕೇಳ್ಕೊಂಡಿರ್ಲಿಲ್ಲ.

2024ರ ಜೂನಲ್ಲಿ ಪಾಲಿಕೆ ಪಾರ್ಕುಗಳು ಬೆಳಿಗ್ಗೆ 5ರಿಂದ ರಾತ್ರಿ 10ರ ತನಕ ಮಧ್ಯೆ ಮುಚ್ಚದೆ ತೆರೆದಿರ್ಬೇಕು ಅಂತ ಆದೇಶ ಬಂತಲ್ಲ, ಆವಾಗ ನಮ್ಮ ವಾಟ್ಸಾಪ್ ಗ್ರೂಪಲ್ಲಿ ದೊಡ್ಡ ಜಗಳಾನೇ ಆಯ್ತು. ಕುಡುಕರು ಬಂದು ಮಲಗ್ತಾರೆ, ಕಾಲೇಜ್ ಹುಡುಗ ಹುಡುಗೀರು ಬಂದು ಕೂರ್ತಾರೆ, ಗಿಡ ಹಾಳಾಗುತ್ತೆ, ಮಾಲಿ ನೀರು ಬಿಡೋದ್ ಯಾವಾಗ, ಸೆಕ್ಯೂರಿಟಿಗೆ ದುಡ್ಡು ಕೊಡೋರ್ ಯಾರು, ಇಷ್ಟು ವರ್ಷ ನೋಡ್ಕೊಂಡಿದ್ದು ನಾವು ತಾನೆ ಅಂತೆಲ್ಲ. ಆ ಕೊನೇ ಮಾತಿದೆಯಲ್ಲ, ನಾವು ನೋಡ್ಕೊಂಡಿದ್ದು ಅನ್ನೋದು, ಅದು ನಿಜ. ಆದ್ರೆ ನೋಡ್ಕೊಂಡೋರು ಯಾವಾಗ ಒಡೆಯರಾಗ್ಬಿಡ್ತಾರೆ ಅನ್ನೋದು ಅವರಿಗೇ ಗೊತ್ತಾಗಲ್ಲ. ಬೆಂಗಳೂರಲ್ಲಿ ಸಾವಿರಕ್ಕೂ ಹೆಚ್ಚು ಪಾರ್ಕುಗಳಿವೆ, ಎಷ್ಟೋ ಕಡೆ ಹೀಗೇ ಒಂದು ಸಂಘ ಇದೆ, ಅದಕ್ಕೇ ಈ ವಿಷಯ ಸ್ವಲ್ಪ ಬಿಡಿಸಿ ನೋಡ್ಬೇಕು ಅನ್ನಿಸ್ತು.

ಮೊದಲು ಜಾಗದ ವಿಷಯ. ಪಾರ್ಕ್ ಯಾರೋ ದಾನ ಕೊಟ್ಟಿದ್ದಲ್ಲ, ಲೇಔಟ್ ಮಾಡುವಾಗ ಕಾನೂನು ಬಿಡಿಸಿದ ಜಾಗ ಅದು. ಬಿಡಿಎ, ಅಂದ್ರೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆ ಪ್ರಕಾರ ಬಡಾವಣೆ ಯೋಜನೇಲಿ ಒಟ್ಟು ಜಾಗದ ಕನಿಷ್ಠ ಶೇ 15ರಷ್ಟು ಪಾರ್ಕು ಆಟದ ಮೈದಾನಕ್ಕೆ, ಅದರ ಮೇಲೆ ಇನ್ನೂ ಶೇ 10ರಷ್ಟು ಸಿಎ ಸೈಟಿಗೆ ಅಂದ್ರೆ ಶಾಲೆ, ಆಸ್ಪತ್ರೆ, ಸಮುದಾಯ ಭವನ ಇಂಥದ್ದಕ್ಕೆ ಬಿಡ್ಬೇಕು. 1984ರಲ್ಲಿ ಇದಕ್ಕೆ 38ಎ ಅನ್ನೋ ಸೆಕ್ಷನ್ ಸೇರಿಸಿ, ಪಾರ್ಕಿಗೆ ಅಂತ ಇಟ್ಟ ಜಾಗಾನ ಬೇರೆ ಉದ್ದೇಶಕ್ಕೆ ಮಾರೋದು ಕೊಡೋದು ಮಾಡಿದ್ರೆ ಅದು ಅಸಿಂಧು ಅಂದ್ರು. ಮರುವರ್ಷ, 1985ರಲ್ಲಿ, ಪಾರ್ಕು ಆಟದ ಮೈದಾನ ಬಯಲು ಜಾಗ ಕಾಪಾಡೋಕೆ ಅಂತಾನೇ ರಾಜ್ಯದ ಒಂದು ಕಾಯ್ದೆ ಬಂತು. ಕಬ್ಬನ್ ಪಾರ್ಕು, ಲಾಲ್‌ಬಾಗ್ ಥರದ ಸರ್ಕಾರಿ ಉದ್ಯಾನಗಳಿಗೆ 1975ರದ್ದು ಬೇರೇನೇ ಕಾಯ್ದೆ ಇದೆ.

ಕಾಯ್ದೆ ಪುಸ್ತಕದಲ್ಲಿದ್ರೆ ಸಾಲದು, ಅದಕ್ಕೆ ಜೀವ ಬಂದಿದ್ದು ಸದಾಶಿವನಗರದ ಕಡೆಯ ಒಂದು ಕೇಸಿಂದ. ರಾಜಮಹಲ್ ವಿಲಾಸ್ ಎಕ್ಸ್‌ಟೆನ್ಷನ್ನಿನ ಪ್ಲಾನಲ್ಲಿ ಪಾರ್ಕ್ ಅಂತ ಗುರುತು ಮಾಡಿದ್ದ ಜಾಗಾನ, ಮುಖ್ಯಮಂತ್ರಿ ಮಟ್ಟದಿಂದ ಬಂದ ಸೂಚನೆ ಮೇಲೆ, ಒಂದು ಮೆಡಿಕಲ್ ಟ್ರಸ್ಟಿಗೆ ನರ್ಸಿಂಗ್ ಹೋಮ್ ಕಟ್ಟೋಕೆ ಅಂತ ಕೊಟ್ಟುಬಿಟ್ರು. ಸುತ್ತಮುತ್ತಲ ನಿವಾಸಿಗಳು ಕೋರ್ಟಿಗೆ ಹೋದ್ರು. ಹೈಕೋರ್ಟಲ್ಲಿ ಮೊದಲು ಏಕಸದಸ್ಯ ಪೀಠದ ಮುಂದೆ ಸೋತ್ರು, ಆಸ್ಪತ್ರೇನೂ ಜನರಿಗೆ ಬೇಕಾದ್ದೇ ತಾನೆ ಅನ್ನೋ ವಾದ ಅಲ್ಲಿ ನಿಂತ್ಕೊಳ್ತು. ಬಿಡದೆ ಮೇಲ್ಮನವಿ ಹಾಕಿ ವಿಭಾಗೀಯ ಪೀಠದಲ್ಲಿ ಗೆದ್ರು, ಟ್ರಸ್ಟಿನೋರು ಸುಪ್ರೀಂ ಕೋರ್ಟಿಗೆ ಹೋದ್ರು, 1991ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕೂಡ ನಿವಾಸಿಗಳ ಕಡೆಗೇ ತೀರ್ಪು ಕೊಡ್ತು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಕೇಸ್ ಅಂತ ಇವತ್ತಿಗೂ ದೇಶದ ಯಾವ ಮೂಲೇಲಿ ಪಾರ್ಕ್ ಜಗಳ ಆದ್ರೂ ವಕೀಲರು ಇದನ್ನ ಎತ್ತಿ ಹೇಳ್ತಾರೆ.

ಆ ತೀರ್ಪಲ್ಲಿ ನನಗೆ ಮುಖ್ಯ ಅನ್ಸೋದು ಎರಡು. ಒಂದು, ಆಸ್ಪತ್ರೆ ಒಳ್ಳೇದು ಅನ್ನೋ ಕಾರಣಕ್ಕೆ ಪಾರ್ಕನ್ನ ನುಂಗೋ ಹಾಗಿಲ್ಲ, ಎರಡೂ ಬೇಕು, ಒಂದರ ಜಾಗಕ್ಕೆ ಇನ್ನೊಂದು ಬರೋ ಹಾಗಿಲ್ಲ. ಇನ್ನೊಂದು, ಟ್ರಸ್ಟಿನೋರು ನಿಮಗೇನ್ರೀ ಸಂಬಂಧ, ನಿಮ್ಮ ಸ್ವಂತ ಆಸ್ತಿ ಏನ್ ಹೋಗಿದೆ ಅಂತ ಕೇಳಿದ್ದಕ್ಕೆ ಕೋರ್ಟು, ಆ ಬಡಾವಣೇಲಿ ವಾಸ ಇರೋರಿಗೆ ಪಾರ್ಕ್ ಹೋದ್ರೆ ನೇರವಾಗಿ ನಷ್ಟ, ಅವರಿಗೆ ಕೇಳೋ ಹಕ್ಕಿದೆ ಅಂತು. ಇವತ್ತು ಪಾರ್ಕಲ್ಲಿ ಯಾರೋ ನೀರಿನ ಟ್ಯಾಂಕ್ ಕಟ್ತಾರೆ, ಕಚೇರಿ ಕಟ್ತಾರೆ, ಮೂಲೇಲಿ ಗುಡಿ ಎದ್ದಿದೆ ಅಂತ ನಮ್ಮಂಥ ಸಂಘಗಳು ಕೇಳೋಕೆ ಹೋಗೋದು ಈ ನೆಲದ ಮೇಲೆ ನಿಂತೇ. ಆದ್ರೆ ಗಮನಿಸಿ, ಕೋರ್ಟ್ ಹೇಳಿದ್ದು ವಾಸ ಇರೋರು ಅಂತ. ಮನೆ ಓನರ್ ಅಂತ ಅಲ್ಲ. ಸಂಘದ ಸದಸ್ಯರು ಅಂತಾನೂ ಅಲ್ಲ.

ಸಂಘ ಅಂದ್ರೆ ಏನು ಹಾಗಾದ್ರೆ? ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಕೆಳಗೆ ಏಳು ಜನ ಸೇರಿ ಬೈಲಾ, ಅಂದ್ರೆ ಸಂಘದ ನಿಯಮಾವಳಿ, ಬರೆದು ರಿಜಿಸ್ಟರ್ ಮಾಡಿಸಿದ್ರೆ ಆಯ್ತು, ಸಂಘ. ವರ್ಷಕ್ಕೊಂದು ಜನರಲ್ ಬಾಡಿ ಮೀಟಿಂಗು, ಲೆಕ್ಕಪತ್ರ, ಪದಾಧಿಕಾರಿಗಳ ಪಟ್ಟಿ ರಿಜಿಸ್ಟ್ರಾರ್ ಆಫೀಸಿಗೆ ಕೊಡ್ಬೇಕು. ಅಷ್ಟೇ. ಸರ್ಕಾರದ ಪಾರ್ಕ್ ಮೇಲೆ ಇದಕ್ಕೆ ಯಾವ ಅಧಿಕಾರವೂ ತಾನಾಗಿ ಬರಲ್ಲ, ಗೇಟ್ ಮುಚ್ಚೋದು, ಇಂಥೋರು ಬರ್ಬಾರ್ದು ಅನ್ನೋದು, ಫೈನ್ ಹಾಕೋದು ಯಾವುದೂ ಇಲ್ಲ. ಇದನ್ನ ನಮ್ಮ ಮೀಟಿಂಗಲ್ಲಿ ಹೇಳಿದಾಗ ಹಿರಿಯರೊಬ್ಬರು ಬೇಜಾರ್ ಮಾಡ್ಕೊಂಡು, "ಹಾಗಾದ್ರೆ ನಾವ್ ಇಷ್ಟು ವರ್ಷ ಮಾಡಿದ್ದಕ್ಕೆ ಬೆಲೇನೇ ಇಲ್ವೇನಮ್ಮಾ" ಅಂದ್ರು. ಇದೆ ಸಾರ್, ತುಂಬಾ ಇದೆ, ಆದ್ರೆ ಆ ಬೆಲೆ ಬೀಗದಲ್ಲಿಲ್ಲ ಅಂದೆ.

ಎಲ್ಲಿದೆ ಅಂತ ಹೇಳೋಕೆ ನಮ್ಮದೇ ಒಂದು ಅನುಭವ ಹೇಳ್ಬೇಕು. ಎರಡು ವರ್ಷ ನಾವು ಮನೆಗೆ ತಿಂಗಳಿಗೆ 200 ರೂಪಾಯಿ ಅಂತ ಎತ್ತಿ ಪಾರ್ಕಿಗೆ ಒಬ್ಬ ಮಾಲಿ ಇಟ್ಕೊಂಡಿದ್ವಿ, ಯಾಕಂದ್ರೆ ಪಾಪ ಯಾರೂ ಬರ್ತಿಲ್ಲ, ಹುಲ್ಲು ಒಣಗ್ತಿದೆ ಅಂತ. ಭಾನುವಾರ ನಾವೇ ಪೊರಕೆ ಹಿಡ್ಕೊಂಡು ಎಲೆ ಗುಡಿಸೋದು, ಮಕ್ಕಳ ಕೈಲಿ ಬೆಂಚಿಗೆ ಬಣ್ಣ ಹೊಡ್ಸೋದು, ಫೋಟೋ ತಗೊಳ್ಳೋದು, ಖುಷಿ ಇತ್ತು ಅದರಲ್ಲಿ, ಸುಳ್ಳು ಹೇಳಲ್ಲ. ಆಮೇಲೆ ನಮ್ಮಲ್ಲಿ ಒಬ್ಬರು, ಅಕೌಂಟ್ಸ್ ಕೆಲಸದಿಂದ ರಿಟೈರ್ ಆದೋರು, 2005ರ ಮಾಹಿತಿ ಹಕ್ಕು ಕಾಯ್ದೆ ಕೆಳಗೆ ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಒಂದು ಅರ್ಜಿ ಹಾಕಿದ್ರು, ಈ ಪಾರ್ಕಿನ ನಿರ್ವಹಣೆ ಗುತ್ತಿಗೆ ಯಾರಿಗಿದೆ, ವರ್ಕ್ ಆರ್ಡರ್ ಕಾಪಿ ಕೊಡಿ ಅಂತ. ಬಂದ ಕಾಗದ ನೋಡಿದ್ರೆ ನಮ್ಮ ಪಾರ್ಕಿಗೆ ಗುತ್ತಿಗೆ ಇತ್ತು. ಮಾಲಿ ಇಬ್ಬರು, ನೀರು, ಹುಲ್ಲು ಕತ್ತರಿಸೋದು, ಗೊಬ್ಬರ, ಎಲ್ಲಾ ಅದರಲ್ಲಿತ್ತು, ಬಿಲ್ಲೂ ಪಾಸಾಗಿತ್ತು. ಅಂದ್ರೆ ನಾವು ಎರಡು ವರ್ಷ ಕೈಯಿಂದ ದುಡ್ಡು ಹಾಕಿ ಮಾಡಿದ ಕೆಲಸಕ್ಕೆ ಇನ್ಯಾರಿಗೋ ನಮ್ಮದೇ ತೆರಿಗೆ ದುಡ್ಡಲ್ಲಿ ಬಿಲ್ ಆಗ್ತಿತ್ತು. ಹೊಟ್ಟೆ ಉರೀತು. ನಮ್ಮ ಪೊರಕೆ ಯಾರ ಕೆಲಸಾನ ಮುಚ್ಚಿ ಹಾಕ್ತಿತ್ತು ಅಂತ ಅವತ್ತು ಅರ್ಥ ಆಯ್ತು.

ಅದಾದ ಮೇಲೆ ನಾವು ಮಾಡಿದ ಕೆಲಸ ಸಣ್ಣದು, ಆದ್ರೆ ಎರಡು ವರ್ಷದ ಶ್ರಮದಾನಕ್ಕಿಂತ ಹೆಚ್ಚು ಫಲ ಕೊಡ್ತು. ವರ್ಕ್ ಆರ್ಡರಲ್ಲಿ ಏನೇನಿದೆಯೋ ಅದನ್ನ ಕನ್ನಡದಲ್ಲಿ ದೊಡ್ಡದಾಗಿ ಬರೆದು ಗೇಟ್ ಒಳಗೆ ಅಂಟಿಸಿದ್ವಿ. ಒಂದು ನೋಟ್‌ಬುಕ್ ಇಟ್ವಿ, ಯಾವ ದಿನ ಮಾಲಿ ಬಂದ್ರು, ನೀರು ಬಂತಾ, ಯಾವ ಲೈಟ್ ಉರೀತಿಲ್ಲ, ವಾಕಿಂಗ್ ಬರೋರು ಯಾರಾದ್ರೂ ಬರೀಬಹುದು. ತಿಂಗಳ ಕೊನೆಗೆ ಆ ಪುಟಗಳ ಫೋಟೋ ಸಮೇತ ಒಂದು ಪತ್ರ ಸಂಬಂಧಪಟ್ಟೋರಿಗೆ ಕೊಟ್ಟು ಸೀಲ್ ಹಾಕಿಸ್ಕೊಂಡು ಬರೋದು. ಮೊದಲೆರಡು ತಿಂಗಳು ಏನೂ ಆಗ್ಲಿಲ್ಲ. ಮೂರನೇ ತಿಂಗಳು ಇಬ್ಬರು ಮಾಲಿ ಬಂದ್ರು, ಅದರಲ್ಲಿ ಒಬ್ಬರು ಹೆಂಗಸು, ರಾಯಚೂರಿನ ಕಡೆಯೋರು, ಗಿಡದ ಕೈಗುಣ ಅಂದ್ರೆ ಅವರದೇ.

ಕೈಕೆಲಸ ಬೇಡ ಅಂತ ಹೇಳ್ತಿಲ್ಲ. ಕೆಲವು ಕೆಲಸ ಸಂಘ ಮಾಡಿದ್ರೇನೇ ಚೆಂದ, ಎಲೆ ಗೊಬ್ಬರ ಅಂಥದ್ದು. 2016ರ ಘನತ್ಯಾಜ್ಯ ನಿಯಮದಲ್ಲೇ ಇತ್ತು, ಪಾರ್ಕಿನ ಎಲೆ ಕಸ ಆದಷ್ಟು ಪಾರ್ಕಲ್ಲೇ ಗೊಬ್ಬರ ಆಗ್ಬೇಕು ಅಂತ. ನಮ್ಮಲ್ಲಿ ಮುಂಚೆ ಮೂಲೇಲಿ ಗುಡ್ಡೆ ಹಾಕಿ ಬೆಂಕಿ ಹಚ್ತಿದ್ರು, ಪಕ್ಕದ ಮನೆ ಅಜ್ಜಿಗೆ ರಾತ್ರಿಯೆಲ್ಲ ಕೆಮ್ಮು. ಈಗ ತಂತಿ ಬಲೆಯ ಮೂರು ಗೂಡು ಮಾಡಿದ್ದೀವಿ, ಎಲೆ ತುಂಬೋದು, ಸಗಣಿ ನೀರು ಚಿಮುಕಿಸೋದು, ತುಳಿದು ಕೂರಿಸೋದು, ಹದಿನೈದು ದಿನಕ್ಕೊಮ್ಮೆ ಕೆದಕೋದು, ತೇವ ಆರದ ಹಾಗೆ ನೋಡ್ಕೊಂಡ್ರೆ ಮೂರ್ನಾಲ್ಕು ತಿಂಗಳಿಗೆ ಕರ್ರಗೆ ಕಾಫಿಪುಡಿ ಥರ ಗೊಬ್ಬರ. ಮಳೆಮರದ ಸಣ್ಣ ಎಲೆ ಬೇಗ ಕರಗುತ್ತೆ, ಮಾವಿನ ಎಲೆ ಹಟ ಮಾಡುತ್ತೆ, ಅದನ್ನ ಬೇರೆ ಗೂಡಿಗೆ ಹಾಕ್ಬೇಕು.

ನೀರಿನ ವಿಷಯದಲ್ಲೂ ಹಾಗೇ. 2024ರ ಮಾರ್ಚಲ್ಲಿ ಬೋರ್‌ವೆಲ್ಲುಗಳು ಬತ್ತಿ ಊರಿಗೆ ಊರೇ ಟ್ಯಾಂಕರ್ ಹಿಂದೆ ಓಡಿದ್ದು ನೆನಪಿದೆಯಲ್ಲ, ಜಲಮಂಡಳಿ ಆವಾಗ ಕುಡಿಯೋ ನೀರನ್ನ ಗಿಡಕ್ಕೆ ಹಾಕಿದ್ರೆ, ಕಾರ್ ತೊಳೆದ್ರೆ 5,000 ರೂಪಾಯಿ ದಂಡ ಅಂತು. ಎಷ್ಟೋ ಪಾರ್ಕಲ್ಲಿ ಹುಲ್ಲುಹಾಸು ಒಣಗಿ ಹೋಯ್ತು. ಹೊಂಗೆ ನೇರಳೆ ಸಂಪಿಗೆಗೆ ಏನೂ ಆಗ್ಲಿಲ್ಲ, ಸತ್ತಿದ್ದು ಬರೀ ನೋಡೋಕೆ ಚೆಂದ ಅಂತ ಹಾಸಿದ್ದ ಲಾನು. ಹಾಗಾಗಿ ಪಾರ್ಕಲ್ಲಿ ಏನು ಬೆಳೀಬೇಕು, ಎಷ್ಟು ಜಾಗಕ್ಕೆ ಸಿಮೆಂಟ್ ಬ್ಲಾಕ್ ಹಾಕ್ಬೇಕು, ಮಳೆನೀರು ಇಂಗೋಕೆ ಎಲ್ಲಿ ಜಾಗ ಅನ್ನೋದನ್ನ ಕೂತು ಮಾತಾಡೋರು ಬೇಕು, ಅದು ಸುತ್ತ ವಾಸ ಇರೋರೇ ಆಗಿದ್ರೆ ಒಳ್ಳೇದು, ಯಾಕಂದ್ರೆ ಯಾವ ಮೂಲೇಲಿ ಮಳೆನೀರು ನಿಲ್ಲುತ್ತೆ ಅನ್ನೋದು ದಿನಾ ನೋಡೋರಿಗೆ ಮಾತ್ರ ಗೊತ್ತಿರುತ್ತೆ.

ಇದನ್ನ ಸರಿಯಾದ ಕ್ರಮದಲ್ಲಿ ಮಾಡಿದೋರೂ ಇದ್ದಾರೆ. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆ ಸುತ್ತಲಿನ ನಿವಾಸಿಗಳು 2010ರಲ್ಲಿ ಟ್ರಸ್ಟ್ ಮಾಡ್ಕೊಂಡು ಕೆರೆ ನೋಡ್ಕೊಳ್ಳೋಕೆ 2011ರಲ್ಲಿ ಪಾಲಿಕೆ ಜೊತೆ ಲಿಖಿತ ಒಪ್ಪಂದಾನೇ ಮಾಡ್ಕೊಂಡ್ರು. ನನಗೆ ಇದರಲ್ಲಿ ಇಷ್ಟ ಆಗೋದು ಆ ಕಾಗದ. ಕಾಗದ ಇದ್ರೆ ಯಾರು ಏನು ಮಾಡ್ಬೇಕು, ಯಾರು ಯಾರಿಗೆ ಲೆಕ್ಕ ಕೊಡ್ಬೇಕು ಅಂತ ಇರುತ್ತೆ, ನಾಳೆ ಪದಾಧಿಕಾರಿ ಬದಲಾದ್ರೂ ಇರುತ್ತೆ. ನಮ್ಮಂಥ ಹೆಚ್ಚಿನ ಕಡೆ ಇರೋದು ಬಾಯಿಮಾತು, ಇಂಜಿನಿಯರ್ ಸಾಹೇಬ್ರು ನೀವೇ ನೋಡ್ಕೊಳ್ಳಿ ಅಂದ್ರು, ನಾವು ನೋಡ್ಕೊಂಡ್ವಿ, ಬೀಗ ನಮ್ಮ ಮನೇಲಿ ಉಳೀತು.

ಬೀಗ ಮನೇಲಿ ಉಳಿದ್ರೆ ಏನಾಗುತ್ತೆ ಅಂತ ಸ್ವಲ್ಪ ನಿಧಾನಕ್ಕೆ ಹೇಳ್ತೀನಿ, ನನಗೆ ನೋವಿರೋದು ಇಲ್ಲೇ. ಮೊದಲು ಬರೋದು ಬೋರ್ಡು. ಚೆಂಡಾಟ ಆಡಬಾರದು, ಸೈಕಲ್ ತರಬಾರದು, ಹುಲ್ಲಿನ ಮೇಲೆ ಕೂರಬಾರದು, ತಿಂಡಿ ತಿನ್ನಬಾರದು, ಜೋಡಿಗಳು ಕೂರಬಾರದು. ಒಂದೊಂದಕ್ಕೂ ಒಂದು ಕಾರಣ ಇರುತ್ತೆ, ಚೆಂಡು ಯಾವತ್ತೋ ಯಾರಿಗೋ ಬಿದ್ದಿರುತ್ತೆ. ಆದ್ರೆ ಎಲ್ಲಾ ಸೇರಿಸಿ ಓದಿದ್ರೆ ಆ ಪಾರ್ಕು ಅರವತ್ತು ದಾಟಿದ, ಬೆಳಿಗ್ಗೆ ಐದೂವರೆಗೆ ಏಳೋ, ಶೂ ಹಾಕ್ಕೊಂಡು ಎಡದಿಂದ ಬಲಕ್ಕೆ ಸುತ್ತೋ ಮನುಷ್ಯನಿಗೆ ಮಾತ್ರ ಅಂತ ಗೊತ್ತಾಗುತ್ತೆ. ಹತ್ತನೇ ಕ್ಲಾಸ್ ಹುಡುಗರು ಎಲ್ಲಿ ಆಡ್ಬೇಕು? ರಸ್ತೇಲಿ ಆಡ್ತಾರೆ, ಆವಾಗ್ಲೂ ಬೈತೀವಿ. ಒಂದೇ ರೂಮಲ್ಲಿ ಮೂರು ಜನ ಇರೋ ಪಿಜಿ ಹುಡುಗಿ ಅಮ್ಮನ ಹತ್ರ ಫೋನಲ್ಲಿ ಅಳ್ಬೇಕು ಅಂದ್ರೆ ಎಲ್ಲಿ ಕೂರ್ಬೇಕು? ಊಟ ಡೆಲಿವರಿ ಮಾಡೋ ಹುಡುಗ ಮಧ್ಯಾಹ್ನದ ಬಿಸಿಲಲ್ಲಿ ಆರ್ಡರ್ ಬರೋ ತನಕ ಎಲ್ಲಿ ನಿಲ್ಬೇಕು?

ಇನ್ನೊಂದು, ಸಂಘದ ಸದಸ್ಯತ್ವ. ನಮ್ಮ ಬೈಲಾದಲ್ಲಿ ಸೈಟ್ ಅಥವಾ ಮನೆ ಓನರ್ ಮಾತ್ರ ಓಟ್ ಹಾಕೋ ಸದಸ್ಯ. ಬಾಡಿಗೆಗೆ ಹನ್ನೆರಡು ವರ್ಷದಿಂದ ಇರೋ ಸಂಸಾರಕ್ಕೆ ಓಟಿಲ್ಲ, ಮನೆ ಕಟ್ಟಿ ಅಮೆರಿಕದಲ್ಲಿರೋರಿಗೆ ಇದೆ. ನಮ್ಮ ಲೇಔಟಿನ ಆಚೆ ಬದಿ ಚಿಕ್ಕ ಚಿಕ್ಕ ಮನೆಗಳ ಬೀದಿ ಇದೆ, ಆ ಮಕ್ಕಳಿಗೆ ಇರೋದೂ ಇದೊಂದೇ ಪಾರ್ಕು, ಅವರ ಅಪ್ಪ ಅಮ್ಮನ್ನ ನಾವು ಒಂದು ಮೀಟಿಂಗಿಗೂ ಕರೆದಿಲ್ಲ. ಹೀಗೆ ಆಯ್ಕೆ ಆದ ಏಳೆಂಟು ಜನ ಊರಿನ ಪರವಾಗಿ ಮಾತಾಡ್ತೀವಿ ಅಂದ್ರೆ ಅದು ಪೂರ್ತಿ ನಿಜ ಆಗಲ್ಲ.

ಈ ಸಮಸ್ಯೆ ಬೆಂಗಳೂರಿಂದು ಮಾತ್ರ ಅಲ್ಲ. ಮುಂಬೈಯಲ್ಲಿ 1997ರ ಹೊತ್ತಿಗೆ ಎಎಲ್‌ಎಂ ಅಂತ ಬೀದಿ ಮಟ್ಟದ ನಿವಾಸಿ ಗುಂಪುಗಳನ್ನ ಪಾಲಿಕೇನೇ ಗುರುತಿಸಿ ಕಸದ ಕೆಲಸದಲ್ಲಿ ಸೇರಿಸ್ಕೊಳ್ತು, ದೆಹಲಿಯಲ್ಲಿ 2000ದಲ್ಲಿ ಭಾಗೀದಾರಿ ಅಂತ ಶುರು ಮಾಡಿ ಸಂಘಗಳನ್ನ ಅಧಿಕಾರಿಗಳ ಎದುರು ಕೂರ್ಸಿದ್ರು. ಎರಡು ಕಡೇನೂ ಒಳ್ಳೆ ಕೆಲಸ ಆಯ್ತು, ಎರಡು ಕಡೇನೂ ಬಂದ ದೂರು ಒಂದೇ, ಅನುಕೂಲಸ್ಥರ ಕಾಲೋನಿಗೆ ಬಾಯಿ ಸಿಕ್ತು, ಕೊಳೆಗೇರಿಗೆ ಸಿಗಲಿಲ್ಲ. ನಮ್ಮಲ್ಲಿ ಕಾನೂನು ಇದಕ್ಕೆ ಉತ್ತರ ಯೋಚನೆ ಮಾಡಿತ್ತು, ವಾರ್ಡ್ ಸಮಿತಿ. ಸಂವಿಧಾನದ 74ನೇ ತಿದ್ದುಪಡಿಯಿಂದ ಬಂದಿದ್ದು, ಕರ್ನಾಟಕದ ಪಾಲಿಕೆ ಕಾಯ್ದೇಲಿ ಕಾರ್ಪೊರೇಟರ್ ಅಧ್ಯಕ್ಷತೇಲಿ ಹತ್ತು ಜನ, ಅದರಲ್ಲಿ ಮೂರು ಜನ ಹೆಂಗಸರು, ಇಬ್ಬರು ಪರಿಶಿಷ್ಟ ಜಾತಿ ಪಂಗಡದೋರು, ನಿವಾಸಿ ಸಂಘಗಳಿಂದ ಇಬ್ಬರು. ಇಬ್ಬರೇ. ಆ ಲೆಕ್ಕದಲ್ಲೇ ಒಂದು ವಿವೇಕ ಇದೆ, ಸಂಘದ ಮಾತು ಬೇಕು, ಆದ್ರೆ ಅದೊಂದೇ ಮಾತಲ್ಲ. ದುಃಖ ಏನಂದ್ರೆ 2020ರ ಸೆಪ್ಟೆಂಬರಲ್ಲಿ ಬಿಬಿಎಂಪಿ ಸದಸ್ಯರ ಅವಧಿ ಮುಗೀತು, ಆಮೇಲೆ ವರ್ಷಗಟ್ಟಲೆ ಚುನಾವಣೆ ಇಲ್ಲ, 2025ರ ಸೆಪ್ಟೆಂಬರಲ್ಲಿ ಬಿಬಿಎಂಪಿನೇ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆ ಬಂದ್ವು. ಕಾರ್ಪೊರೇಟರೇ ಇಲ್ಲದ ಊರಲ್ಲಿ ಜನ ಸಂಘದ ಪದಾಧಿಕಾರಿ ಮನೆ ಬಾಗಿಲು ತಟ್ಟಿದ್ರೆ ಅವರ ತಪ್ಪೇನಿಲ್ಲ. ಪದಾಧಿಕಾರಿಗೆ ತಾನೇ ಕಾರ್ಪೊರೇಟರ್ ಅನ್ಸಿದ್ರೂ ಆಶ್ಚರ್ಯ ಇಲ್ಲ.

ಸಂಘದ ಶಕ್ತಿ ನಿಜವಾಗಿ ಕಂಡಿರೋದು ಗೇಟ್ ತೆರೆದು ಎಲ್ಲರ ಜೊತೆ ನಿಂತಾಗ. ಬಸವೇಶ್ವರ ಸರ್ಕಲ್ಲಿಂದ ಹೆಬ್ಬಾಳದ ತನಕ ಉಕ್ಕಿನ ಸೇತುವೆ ಅಂತ ಹೊರಟಾಗ 2016ರ ಅಕ್ಟೋಬರಲ್ಲಿ ಸಾವಿರಾರು ಜನ ಕೈ ಕೈ ಹಿಡಿದು ನಿಂತ್ರಲ್ಲ, ಅಲ್ಲಿ ಸಂಘದೋರೂ ಇದ್ರು, ಕಾಲೇಜ್ ಮಕ್ಕಳೂ ಇದ್ರು, 2017ರ ಮಾರ್ಚಲ್ಲಿ ಸರ್ಕಾರ ಅದನ್ನ ಕೈಬಿಡ್ತು. 2023ರಲ್ಲಿ ಸ್ಯಾಂಕಿ ಕೆರೆ ರಸ್ತೆ ಮರಗಳಿಗೆ ಕೊಡಲಿ ಅಂದಾಗ ಮಲ್ಲೇಶ್ವರದ ಮಕ್ಕಳು ಅಜ್ಜಿ ತಾತಂದಿರು ಒಟ್ಟಿಗೆ ಬೀದಿಗೆ ಬಂದ್ರು. ಪಾರ್ಕಲ್ಲಿ ಕೂತು ಅಭ್ಯಾಸ ಇರೋ ಹುಡುಗರು ಮಾತ್ರ ನಾಳೆ ಆ ಪಾರ್ಕಿಗೆ ಜೆಸಿಬಿ ಬಂದ್ರೆ ಅಡ್ಡ ನಿಲ್ತಾರೆ. ಇವತ್ತು ಅವರನ್ನ ಓಡಿಸಿದ್ರೆ ಆವತ್ತು ನಾವು ಎಂಟು ಜನ ಮಾತ್ರ ಇರ್ತೀವಿ.

ಭಯ ಸುಳ್ಳಲ್ಲ, ಅದನ್ನೂ ಹೇಳ್ಬೇಕು. ನಮ್ಮ ಪಾರ್ಕಲ್ಲೂ ಬೆಳಿಗ್ಗೆ ಬಾಟ್ಲಿ ಸಿಕ್ಕಿದೆ, ಗಾಜು ತುಳಿದು ಒಂದು ಮಗು ಕಾಲು ಕುಯ್ಕೊಂಡಿದೆ. ಆದ್ರೆ ನಾವು ಲೆಕ್ಕ ಹಾಕಿ ನೋಡಿದ್ರೆ ಬಾಟ್ಲಿಗಳು ಬಿದ್ದಿದ್ದೆಲ್ಲ ಗೇಟ್ ಹಾಕಿದ ಮೇಲೆ, ಹಿಂದಿನ ಗೋಡೆ ಹಾರಿ ಬಂದೋರಿಂದ, ಲೈಟ್ ಕೆಟ್ಟಿದ್ದ ಮೂಲೇಲಿ. ಬೀಗ ಅದನ್ನ ತಡೀಲಿಲ್ಲ. ಆ ಮೂಲೆ ಲೈಟ್ ರಿಪೇರಿ ಆಗಿ, ಅಲ್ಲೇ ಕೇರಂ ಬೋರ್ಡಿಗೆ ಅಂತ ಒಂದು ಕಲ್ಲಿನ ಮೇಜು ಹಾಕಿಸಿ, ಸಂಜೆ ಹುಡುಗರು ಅಲ್ಲಿ ಸೇರೋಕೆ ಶುರುವಾದ್ಮೇಲೆ ಬಾಟ್ಲಿ ಕಮ್ಮಿ ಆಯ್ತು. ಪೂರ್ತಿ ನಿಂತಿಲ್ಲ, ಕಮ್ಮಿ ಆಗಿದೆ.

ಮಧ್ಯಾಹ್ನ ಗೇಟ್ ತೆರೆಯೋದನ್ನ ನಾವು ಮೊದಲು ಒಂದು ತಿಂಗಳು ನೋಡೋಣ ಅಂತ ಶುರು ಮಾಡಿದ್ವಿ, ಆದೇಶ ಇದ್ರೂ ಮೀಟಿಂಗಲ್ಲಿ ಅಷ್ಟಕ್ಕೇ ಒಪ್ಪಿಗೆ ಸಿಕ್ಕಿದ್ದು. ಮನೆಕೆಲಸದ ಹೆಂಗಸರು ಮೊದಲ ವಾರ ಒಳಗೆ ಬರ್ಲೇ ಇಲ್ಲ, ಚಪ್ಪಡಿ ಮೇಲೇ ಕೂತಿದ್ರು. ನಾನು ಹೋಗಿ, "ಒಳಗ್ ಬನ್ನಿ ಅಕ್ಕಾ, ಬಿಸ್ಲು" ಅಂದ್ರೆ, "ಯಾರಾದ್ರೂ ಏನಾದ್ರೂ ಅಂತಾರಮ್ಮ, ಬೇಡ" ಅಂದ್ರು. ಮಾಲಿ ಅಕ್ಕನೇ ತನ್ನ ಡಬ್ಬಿ ತಗೊಂಡು ಬಂದು, "ಏಳ್ರವ್ವಾ, ನಂಜೋಡಿ ಬರ್ರಿ" ಅಂತ ಕೈ ಹಿಡಿದು ಎಬ್ಬಿಸ್ಕೊಂಡು ಹೋದ್ಮೇಲೆ ಬಂದ್ರು. ಈಗ ಹೊಂಗೆ ಮರದ ಕೆಳಗಿನ ಎರಡು ಬೆಂಚು ಆ ಹೊತ್ತಿಗೆ ಅವರದೇ. ಕಳೆದ ನವೆಂಬರ್ ಒಂದಕ್ಕೆ ಬಾವುಟ ಹಾರಿಸಿ ಪುಳಿಯೋಗರೆ ಹಂಚುವಾಗ ಅವರಲ್ಲಿ ಒಬ್ಬರ ಮಗಳು ನಾಡಗೀತೆ ಹಾಡಿದ್ಲು, ಮೊದಲ ಸಲ.

ಬೀಗದ ಕೈ ಈಗ ಮಾಲಿ ಅಕ್ಕನ ಹತ್ರ ಒಂದು, ರಾತ್ರಿ ಕಾವಲಿನವರ ಹತ್ರ ಒಂದು. ಮೊಳೆ ಖಾಲಿ. ಬಾಡಿಗೆಗಿರೋರಿಗೂ ಓಟ್ ಕೊಡೋ ಬೈಲಾ ತಿದ್ದುಪಡಿ ಬರೋ ಜನರಲ್ ಬಾಡಿ ಮೀಟಿಂಗಿಗೆ ಇಟ್ಟಿದ್ದೀವಿ, ಇಪ್ಪತ್ತಮೂರು ಮನೆಯೋರು ಸಹಿ ಹಾಕಿದ್ದಾರೆ, ಇನ್ನೂ ಸಾಲದು. ಆಚೆ ಬದಿಯ ಬೀದಿಗೆ ಈ ಸಲ ನೋಟಿಸ್ ನಾನೇ ತಗೊಂಡು ಹೋಗಿ ಕೊಟ್ಟೆ, ಮೀಟಿಂಗ್ ಪಾರ್ಕಲ್ಲೇ, ಭಾನುವಾರ ಸಂಜೆ ಐದಕ್ಕೆ.